ಬೆನ್ನು

ವರ್ಷಕ್ಕೊಮ್ಮೆ ನನ್ನ ಕೈಗೆ ಪಿಸ್ತೂಲು ಕೊಡುತ್ತಾರೆ.
ಗುಂಡಿಲ್ಲದ್ದು. ಬರೀ ಸದ್ದು, ಒಂದಿಷ್ಟು ಹೊಗೆ.
ಮಿಕ್ಕ ದಿನ ನಾನು ಮಾರಿಟ್ಸ್‌ಬರ್ಗ್‌ನ ಬೀದಿಗಳಲ್ಲಿ
ಹುಡುಗರಿಗೆ ಕಾರು ಕಲಿಸುವವನು,
ಕಾಲ ಬಳಿ ನನ್ನದೇ ಒಂದು ಬ್ರೇಕು ಇಟ್ಟುಕೊಂಡು.

ನಿಯಮ ಇಷ್ಟೆ: ಕೊನೆಯ ಗೆರೆಯಲ್ಲಿ ನಿಲ್ಲಬೇಕು,
ಬರುವವರಿಗೆ ಬೆನ್ನು ಹಾಕಿ.
ಹನ್ನೆರಡು ಗಂಟೆ ತುಂಬಿದ ಕ್ಷಣ ಆಕಾಶಕ್ಕೆ ಹೊಡೆಯಬೇಕು.
ಮುಖ ಕಂಡರೆ ಬೆರಳು ಸೋಲುತ್ತದೆಂದು
ಹಿಂದೆ ಯಾರೋ ತಿಳಿದವರು ಮಾಡಿಟ್ಟ ಏರ್ಪಾಡು.
ಕಿವಿಯ ಬಗ್ಗೆ ಅವರು ಯೋಚಿಸಿರಲಿಲ್ಲ.

ಫೆಬ್ರವರಿಯಿಂದ ಮೇವರೆಗೆ, ಬೆಳಗಿನ ನಾಲ್ಕೂವರೆಗೆ,
ಪೆಟ್ರೋಲ್ ಬಂಕಿನ ದೀಪದ ಕೆಳಗೆ ನಾವು ಆರೇಳು ಮಂದಿ.
ಹಾರ್ಡ್‌ವೇರ್ ಅಂಗಡಿಯ ನವನೀತನ್ ಪಿಳ್ಳೆ:
ಮೊಣಕಾಲಿಗೆ ಪಟ್ಟಿ ಉಂಟು, ಬಾಯಿಗೆ ಇಲ್ಲ.
ಹಸು ಕರೆದು ನೇರ ಬಂದ ಖೆರಿಟ್,
ಅವನ ಹಿಂದೆ ಬಿದ್ದರೆ ಎಂಟು ಮೈಲಿ ಸಗಣಿ ವಾಸನೆ.
ಆಸ್ಪತ್ರೆಯ ಲಾಂಡ್ರಿಯ ಹ್ಲೆಂಗಿವೆ,
ಟ್ಯಾಕ್ಸಿಯ ಕಾಸು ಉಳಿಸಲೆಂದು ಓಡತೊಡಗಿದವಳು.
ಉಳಿದದ್ದೆಲ್ಲ ಈಗ ಬೂಟಿಗೇ ಸುರಿಯುತ್ತೇನೆ
ಎಂದು ಅವಳೇ ನಗುತ್ತಾಳೆ.

ಮೂವತ್ತು ಕಿಲೋಮೀಟರ್ ದಾಟಿದರೆ ಅವಳ ಬಲಪಾದ ಎಳೆಯುತ್ತದೆ.
ಟಪ್, ಸರ್ರ್. ಟಪ್, ಸರ್ರ್.
ಒದ್ದೆ ಹಾಸಿಗೆಬಟ್ಟೆಯನ್ನು ನೆಲದ ಮೇಲೆ ಎಳೆದ ಹಾಗೆ.
ಕತ್ತಲಲ್ಲಿ, ಎರಡೂ ಕಡೆ ಕಬ್ಬು ಎದ್ದು ನಿಂತಿರುವಾಗ,
ಆ ಸದ್ದು ಹಿಡಿದುಕೊಂಡೇ
ನಾನು ಎಷ್ಟೋ ದಿಬ್ಬ ಹತ್ತಿದ್ದೇನೆ.
ಅವಳಿಗೆ ಹೇಳಿಲ್ಲ.

ಈ ಜೂನ್ ಭಾನುವಾರ, ಡರ್ಬನ್.
ನಸುಕಿನಲ್ಲಿ ಹೊರಟವರು ಮುಸ್ಸಂಜೆಗೂ ಬರುತ್ತಲೇ ಇದ್ದಾರೆ:
ಎಂಬತ್ತೇಳು ಕಿಲೋಮೀಟರ್,
ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ,
ಗ್ಯಾಸು ಹೋದ ಕೋಲಾ,
ಕಂಬಳಿ ಹೊದ್ದು ದಾರಿಬದಿ ಕೂತ ಅಜ್ಜಿಯರ
'ಇನ್ನೇನು ಬಂತು' ಎಂಬ ಹನ್ನೆರಡು ತಾಸಿನ ಸುಳ್ಳು.
ಪಿಳ್ಳೆ ಬಂದ, ಮಾತಾಡುತ್ತಲೇ ಬಂದ.
ಖೆರಿಟ್ ಬಂದು ಹುಲ್ಲಿನ ಮೇಲೆ ಬಿದ್ದ,
ಎಬ್ಬಿಸಲು ಹೋದ ನರ್ಸಿಗೆ
ಹಸುವಿನ ಹೆಸರು ಹಿಡಿದು ಕರೆದನಂತೆ.

ಒಂದು ನಿಮಿಷ ಇದೆ ಅಂದರು. ನಾನು ತಿರುಗಿ ನಿಂತೆ.

ಬೆನ್ನ ಹಿಂದೆ ಸ್ಟೇಡಿಯಂ ಕುದಿಯುತ್ತಿತ್ತು.
ಹತ್ತಿಪ್ಪತ್ತು ಸಾವಿರ ಗಂಟಲು ಸೇರಿ ಒಂದೇ ಗಂಟಲು.
ಅಷ್ಟರ ಅಡಿಯಲ್ಲಿ,
ಕೊಡದ ತಳದಲ್ಲಿ ಕಲ್ಲು ಉರುಳಿದ ಹಾಗೆ,
ಟಪ್, ಸರ್ರ್.

ಎಷ್ಟು ದೂರ? ಇಪ್ಪತ್ತು ಮಾರು? ಹತ್ತು?
ಕಿವಿಗೆ ಸದ್ದು ಗೊತ್ತು, ಅಳತೆ ಗೊತ್ತಿಲ್ಲ.
ಎಂಟು ವರ್ಷದ ಹಿಂದೆ ನಾಲ್ಕೇ ನಾಲ್ಕು ಸೆಕೆಂಡು ತಡವಾಗಿ
ಈ ಗೆರೆಗೆ ನಾನೇ ಬಂದಿದ್ದೆ.
ಅಂದು ನಿಂತಿದ್ದವನ ಕುತ್ತಿಗೆ ಇನ್ನೂ ನೆನಪಿದೆ:
ಹೊಸದಾಗಿ ಕ್ಷೌರ ಮಾಡಿಸಿದ್ದು,
ಕಿವಿಯ ಕೆಳಗೆ ಒಂದು ಕೂದಲು ಅಂಟಿಕೊಂಡಿತ್ತು.
ಬೈಯಬೇಕೆಂದು ಹತ್ತಿರ ಹೋದರೆ
ಅವನ ಭುಜ ನಡುಗುತ್ತಿತ್ತು.

ಐದು. ನಾಲ್ಕು.
ಕಾಲು ತಾನಾಗಿ ನೆಲ ಒತ್ತಿತು, ಬ್ರೇಕು ಹುಡುಕಿ.
ಎರಡು.

ಹೊಡೆದೆ.

ತಿರುಗಿ ನೋಡಲಿಲ್ಲ. ಪಿಸ್ತೂಲು ಒಪ್ಪಿಸಿ,
ಸಹಿ ಹಾಕಿ, ಹಿಂದಿನ ಬಾಗಿಲಿಂದ ಪಾರ್ಕಿಂಗಿಗೆ ನಡೆದೆ.
ಹೆಂಡತಿ ಕೇಳಿದಳು, ಊಟ ಮಾಡಿದೆಯಾ.

ಬಂಕಿಗೆ ಅವಳು ಬಂದದ್ದು ಹತ್ತು ದಿನ ಬಿಟ್ಟು,
ಕಾಲಿಗೆ ಚಪ್ಪಲಿ, ಎರಡು ಉಗುರು ಕಪ್ಪು.
ಪಿಳ್ಳೆ ಅಂದು ಮೊದಲ ಬಾರಿ ಸುಮ್ಮನಿದ್ದ.
'ನನ್ನ ಸದ್ದು ಕೇಳಿಸಿತ್ತಾ?'
'ಕೇಳಿಸಿತ್ತು.'
'ಗೊತ್ತಾಯಿತಾ ನಾನೇ ಅಂತ?'
'ಗೊತ್ತಾಯಿತು.'

ಬಂಕಿನ ಹುಡುಗ ನೆಲಕ್ಕೆ ನೀರು ಹಾಕುತ್ತಿದ್ದ.
ಅವಳು ಕಾಲು ಹಿಂದಕ್ಕೆಳೆದುಕೊಂಡಳು.
'ಒಂಬತ್ತು ಹೆಜ್ಜೆ,' ಅಂದಳು, 'ಆಮೇಲೆ ಹೋಗಿ ಎಣಿಸಿದೆ.'

ಚೀಲದಿಂದ ಬೂಟು ತೆಗೆದು ನನ್ನ ಮೂಗಿಗೆ ಹಿಡಿದಳು:
ಬಲಗಾಲಿನದು, ಹೆಬ್ಬೆರಳ ಬಳಿ ಸವೆದು ತೂತು.
'ಇದಕ್ಕೆ ಯಾರಾದರೂ ತಳ ಹಾಕಿಕೊಡುತ್ತಾರಾ,
ನಿನಗೆ ಗೊತ್ತಿದ್ದವರು?'