ಹತ್ತು ಅಂಕದ ಪ್ರಶ್ನೆ

ಧಾರವಾಡದಲ್ಲಿ ಮೌಲ್ಯಮಾಪನ. ಮೂರನೇ ದಿನ.
ಕಿಟಕಿಯಾಚೆ ಜಿಟಿಜಿಟಿ, ಒಳಗೆ ಹಸಿ ಕೊಡೆಗಳ ವಾಸನೆ,
ಕಟ್ಟಿಗೆ ನಲವತ್ತು ಪತ್ರಿಕೆ, ಕೆಂಪು ಪೆನ್ನಿಗೆ ಸೋರುವ ಚಟ.

ಏಳನೇ ಪ್ರಶ್ನೆ:
ಹದಿನೆಂಟುನೂರಾ ಹನ್ನೆರಡರ ಆಂಗ್ಲೋ-ಅಮೆರಿಕನ್ ಯುದ್ಧದ
ಕಾರಣ ಮತ್ತು ಪರಿಣಾಮಗಳನ್ನು ವಿವರಿಸಿ.
ಮೂವತ್ತೊಂದು ಸಲ ಓದಿದ್ದೇನೆ ಬೆಳಗಿನಿಂದ ಆ ಯುದ್ಧವನ್ನು.
ಮೂವತ್ತೊಂದು ಸಲ ಹಡಗು ತಡೆದರು,
ಡೆಕ್ಕಿನ ಮೇಲೆ ಸಾಲಾಗಿ ನಿಲ್ಲಿಸಿ
ಮಾತಾಡಿಸಿ, ನಾಲಿಗೆ ಹೊರಳುವ ರೀತಿ ನೋಡಿ
ನೀನು ನಮ್ಮವ, ಓಡಿಬಂದವ ಎಂದು ಎಳೆದೊಯ್ದರು.
ಮೂವತ್ತೊಂದು ಸಲ ಸುಟ್ಟರು ರಾಜಧಾನಿ,
ಗೈಡಿನ ಅದೇ ವಾಕ್ಯದಲ್ಲಿ, ಅದೇ ಕಾಗುಣಿತದ ತಪ್ಪಿನಲ್ಲಿ.

ಸಮುದ್ರ ಕಾಣದ ಊರುಗಳ ಮಕ್ಕಳು.
ಮುಂಡರಗಿ, ಅಣ್ಣಿಗೇರಿ, ಶಿಗ್ಗಾಂವಿ,
ನೀರೆಂದರೆ ಎಂಟು ದಿನಕ್ಕೊಮ್ಮೆ ಬರುವ ನಳ.
ಸಮುದ್ರದ ಹಕ್ಕು ಎಂದು ಬರೆಯುತ್ತಾರೆ
ಹೊಲದ ಬದುವಿನ ತಕರಾರು ಬರೆದ ಹಾಗೆ.
ಅದೇನೂ ತಪ್ಪಲ್ಲ.

ಮೂವತ್ತೆರಡನೆಯದು. ಬಾರ್‌ಕೋಡಿನ ಹಿಂದೆ ಹೆಸರಿಲ್ಲ.
ಅಕ್ಷರ ಬಲಕ್ಕೆ ವಾಲಿವೆ, ಗಾಳಿಗೆ ಜೋಳ ವಾಲಿದಂತೆ.
ಕಾರಣಗಳು ಐದಕ್ಕೆ ಐದೂ ಸರಿ,
ಮೇಲೆ ಗೈಡಿನಲ್ಲಿಲ್ಲದ ಒಂದು:
"ನಾವಿಕರು ಕಿಸೆಯಲ್ಲಿ ಚೀಟಿ ಇಟ್ಟುಕೊಳ್ಳುತ್ತಿದ್ದರು.
ಎತ್ತರ ಇಷ್ಟು, ಮೈಬಣ್ಣ ಇಂಥದು, ಎಡಗೈಗೆ ಸುಟ್ಟ ಕಲೆ,
ಈತ ನಮ್ಮ ದೇಶದವನು.
ಎಷ್ಟೋ ಸಲ ಅಧಿಕಾರಿಗಳು ನಂಬುತ್ತಿರಲಿಲ್ಲ."

ಆಮೇಲೆ ಪರಿಣಾಮಗಳು.
ಗ್ರಂಥಭಾಷೆ ಅಲ್ಲಿಗೇ ಇಳಿದು ಹೋಗಿದೆ.
"ನಮ್ಮಣ್ಣ ಫಕೀರಪ್ಪನ ಕಡೆಗೂ ಅಂಥಾ ಪುಸ್ತಕ ಐತ್ರಿ, ನೀಲಿ ರಟ್ಟಿಂದು.
ಬಲಹುಬ್ಬಿನ ಮ್ಯಾಲ ಗಾಯದ ಗುರುತು ಅಂತ ಬರದಾರ.
ಆ ಗಾಯ ನಾನ ಮಾಡಿದ್ದು, ಬುಗುರಿ ಆಡೂಮುಂದ.
ಅವ ಹಡಗಿನ ಇಂಜಿನ್ನಿಗೆ ಎಣ್ಣಿ ಹಾಕ್ತಿದ್ದ.
ಮಾಲಕ ಪಗಾರ ಕೊಡದ ಓಡಿಹೋದ. ಹಡಗ ನಿಂತು ಹದಿನಾಲ್ಕು ತಿಂಗಳಾತು.
ಬಾವುಟ ಒಂದು ದೇಶದ್ದು, ಮಾಲಕ ಇನ್ನೊಂದರವ,
ಬಂದರ ಮತ್ತೊಂದರದು, ಅಣ್ಣ ಶಿರಹಟ್ಟಿಯವ.
ಆವಾಗ ಒಬ್ಬ ಮನಷ್ಯಾನ ಸಲುವಾಗಿ ಎರಡು ದೇಶ
ನಂದು ನಂದು ಅಂತ ಜಗ್ಯಾಡಿದ್ವು.
ಈಗ ಮೂರೂ ನಂದಲ್ಲ ಅಂತಾವು.
ಇದಕ್ಕ ಯಾಕ ಯುದ್ಧ ಆಗೂದಿಲ್ರಿ?"

ಕೆಳಗೆ, ಒತ್ತಿ ಬರೆದದ್ದು:
"ಟೈಮ್ ಆತು."

ನಾಡಿಗೇರ ಸರ್ ಮುಖ್ಯ ಪರೀಕ್ಷಕರು. ತೋರಿಸಿದೆ.
ಮಿರ್ಚಿಯ ಎಣ್ಣೆಗೈ ಕಾಗದಕ್ಕೆ ತಾಗದಂತೆ ಬಾಗಿ
ಎರಡು ಸಲ ಓದಿದರು.
"ಸ್ಕೀಮಿನ್ಯಾಗ ಇಲ್ಲಲ್ರಿ ಮೇಡಮ್ಮಾರ. ಕಾರಣಕ್ಕ ಐದು ಕೊಡ್ರಿ.
ಪರಿಣಾಮಕ್ಕ..."
ಪತ್ರಿಕೆ ನನ್ನತ್ತ ಸರಿಸಿ ಚಹಾದವನನ್ನು ಕೂಗಿದರು.

ಸ್ಕೀಮಿನಲ್ಲಿ ಇರುವುದು:
ರಾಷ್ಟ್ರೀಯ ಭಾವನೆ ಬೆಳೆಯಿತು, ಒಂದು ಅಂಕ.
ಕೈಗಾರಿಕೆ ಬೆಳೆಯಿತು, ಒಂದು.
ಮೂಲನಿವಾಸಿಗಳ ನೆಲ ಹೋಯಿತು, ಅರ್ಧ.

ಯುದ್ಧ ಸಾರುವ ಎರಡು ದಿನ ಮುಂಚೆಯೇ
ವ್ಯಾಪಾರ ತಡೆದ ಆಜ್ಞೆ ಹಿಂದೆಗೆಯುವ ಮಾತಾಗಿತ್ತು ಲಂಡನ್ನಿನಲ್ಲಿ;
ಆ ಸುದ್ದಿ ಇನ್ನೂ ಹಾಯಿ ಬಿಚ್ಚಿರಲಿಲ್ಲ.
ಸಂಧಿಗೆ ಸಹಿ ಬಿದ್ದು ಎರಡು ವಾರವಾದ ಮೇಲೂ
ಸುದ್ದಿ ತಿಳಿಯದವರು ಹೊಡೆದಾಡಿ ಸತ್ತರು.
ಸಂಧಿಪತ್ರದಲ್ಲಿ, ಎಳೆದೊಯ್ದ ನಾವಿಕರ ಬಗ್ಗೆ,
ಒಂದು ಮಾತೂ ಇಲ್ಲ.
ಇಪ್ಪತ್ತೆರಡು ವರ್ಷ ಗದಗಿನಲ್ಲಿ ಇದೇ ಪಾಠ ಹೇಳಿದ್ದೇನೆ,
ಆ ಮಾತನ್ನು ಒಮ್ಮೆಯೂ ಗಟ್ಟಿಯಾಗಿ ಹೇಳಿಲ್ಲ.

ಐದು ಬರೆದೆ. ಪಕ್ಕದಲ್ಲಿ ಕೂಡಿಸುವ ಚಿಹ್ನೆ.
ಪೆನ್ನು ಅಲ್ಲೇ ನಿಂತು ಸೋರಿತು, ಹುಬ್ಬಿನಷ್ಟಗಲ.
ಒರೆಸಿ ಎಂಟೂವರೆ ಎಂದು ಸುತ್ತು ಹಾಕಿದೆ.
ಉಳಿದ ಒಂದೂವರೆ ಯಾವ ದೇಶದ ಲೆಕ್ಕದಲ್ಲಿದೆಯೋ.

ಮೂವತ್ತಮೂರನೆಯದು.
ಮತ್ತೆ ಹಡಗು ತಡೆದರು. ಸಾಲಾಗಿ ನಿಲ್ಲಿಸಿದರು.
ಈ ಸಲ ಅವಸರ ಮಾಡಲಿಲ್ಲ;
ಒಬ್ಬೊಬ್ಬರ ಬಲಹುಬ್ಬು ನೋಡುತ್ತ ಹೋದೆ.