ಇಪ್ಪತ್ತಮೂರನೇ ಮನಿ

ಬೆಟಗೇರಿ ಚರ್ಚಿನ ಪಿಯಾನೋದಾಗ
ಮ್ಯಾಲಿನ ಎರಡು ಪಟ್ಟಿಗೆ ದನಿ ಇಲ್ಲ.
ಉಳಿದವು ನನ್ನ ತಪ್ಪು ಬಚ್ಚಿಡೂದಿಲ್ಲ.

ನಾಲ್ಕು ದನಿ, ಒಂದರ ಬೆನ್ನು ಹತ್ತಿ ಒಂದು ಓಡೂ ಕೃತಿ.
ನನ್ನವು ಎರಡ ಕೈ, ವಯಸ್ಸು ನಲವತ್ತೊಂದು.
ಪಗಡಿ ಹಾಸಿನಂಗ ಹಾಳಿ ತುಂಬ ಮನಿ ಮನಿ,
ಮನಿಗೊಂದು ಸಲೋಮಿ ಟೀಚರ ಪೆನ್ಸಿಲ್ ಮಾತು:
"ಎಡಗೈಗೆ ಯಾರ ಮ್ಯಾಲ ಸಿಟ್ಟು?"
"ಇಲ್ಲಿ ಉಸುರು ಬಿಡು, ಮನಶಾಳು ನೀ."
ಇಪ್ಪತ್ತಮೂರನೇ ಮನಿಗೆ ಮಾತಿಲ್ಲ.
ಬರೇ ಒಂದು ಸುತ್ತು,
ಸುತ್ತಿನ ಮ್ಯಾಲ ಮತ್ತೊಂದು,
ಕಾಗದ ತೂತಾಗೂ ಹಂಗ.

ಮೊಬೈಲಿನ್ಯಾಗ ಹಿಡದು ಕೇಳಿದೆ.
ತುಂಬಿದ ಕೊಡ ಹೊತ್ತ ಯಾವಾಕಿನೋ
ಕತ್ತಲದಾಗ ಮೆಟ್ಟಲ ಇಳೀತಿದ್ದಳು.

ಒಂದು ಸಂಜಿ ಕಿಟಕಿ ಆಚೆ
ನೇಕಾರ ವಿಠ್ಠಲಸಾ, ಅಂಗಿ ತೋಳಿಗೆ ರೇಶ್ಮಿ ಎಳಿ ಹತ್ತಿತ್ತು.
"ಅಕ್ಕಾರ, ಸಿಟ್ಟಾಗಬ್ಯಾಡ್ರಿ.
ದಿನಾ ಒಂದ ಕಡೆ ಹರೀತೈತಿ ನಿಮ್ದು.
ಹರಿದಲ್ಲೇ ದೋಷ ಇರೂದಿಲ್ಲ ನೋಡ್ರಿ,
ಬಿಗಿ ಒಂದು ಮೊಳ ಹಿಂದ ಕೂತಿರ್ತೈತಿ."
ಮಗ್ಗಕ್ಕ ಹೊತ್ತಾತಂತ ಹೋದ.

ಹಿಂದಕ್ಕ ಹ್ವಾದೆ.
ಇಪ್ಪತ್ತೊಂದು. ಇಪ್ಪತ್ತು.
ಹತ್ತೊಂಬತ್ತರಾಗ ಕಿರುಬೆರಳು,
ಇನ್ನೂ ಬಾರದ ತಪ್ಪಿಗೆ ಆಗಲೇ ಹೆದರಿ
ಸೆಟದು ನಿಂತಿತ್ತು.

ಟೀಚರಿಗೆ ತೋರಿಸಿದೆ.
ಕನ್ನಡಕ ತಗದು ಒರಸಿದರು, ಹೊತ್ತು ಹಿಡೀತು.
ಆಮ್ಯಾಲ ಪೆನ್ಸಿಲ್ ನನ್ನ ಕಡೆ ಸರಿಸಿ,
"ಅಲ್ಲೇ ಬರಿ. ನಿನ್ನ ಅಕ್ಷರದಾಗ."
ರಬ್ಬರ ಮಾತ್ರ
ತಮ್ಮ ಮುಷ್ಟಿಯೊಳಗ ಇಟಗೊಂಡರು.