ನಾಲ್ಕನೇ ತೂತು

ಹಿಂದೆ, ಟರ್ಪಾಲಿನಡಿ, ನಲವತ್ತು ಡಬ್ಬ ರಸ್ಕು
ಗರಿಗರಿ. ಒಂದು ಹನಿ ತಾಗಿಲ್ಲ.
ಮುಂದೆ, ಗಾಜು ಬಾಗಿಲು ಮಾಡು ಎಲ್ಲ ಇರುವಲ್ಲಿ,
ಎಡಗಡೆ ಕಾಲಿಡುವ ಜಾಗದಲ್ಲಿ
ಕಪ್ಪೆ ಈಜುವಷ್ಟು ನೀರು.

ಆಟಿ ತಿಂಗಳು. ಕುಂಬಳೆಯಿಂದ ಪೆರ್ಲಕ್ಕೆ ಹೋಗುವಾಗ
ಪ್ರತಿ ತಿರುವಿನಲ್ಲೂ ಅದು ಗೇರಿನ ದಿಣ್ಣೆ ಹಾರಿ ಬಂದು
ಬ್ರೇಕಿನಡಿ ನನ್ನ ಹಿಮ್ಮಡಿ ಮುಟ್ಟಿ ಹೋಗುತ್ತದೆ,
ಗುರುತಿನವರ ಹಾಗೆ.
ಮ್ಯಾಟಿಗೆ ಒದ್ದೆ ನಾಯಿಯ ವಾಸನೆ.
ಬಿಲ್ಲು ತೆಗೆದುಕೊಳ್ಳಲು ಬಂದ ಅಂಗಡಿಯವರು
ಕೈ ಮಾತ್ರ ಒಳಗೆ ಹಾಕುತ್ತಾರೆ.

ಸೀತಾಂಗೋಳಿಯ ಮೆಕ್ಯಾನಿಕ್ ಅಂಬಾಡಿ
ಮೊದಲು ಗಾಜಿನ ಬೀಡಿಂಗ್ ಬದಲಿಸಿದ. ಎರಡು ಸಾವಿರ.
ಆಮೇಲೆ ಬಾಗಿಲಿನ ರಬ್ಬರು. ಎಂಟುನೂರು.
ವೈಪರಿನ ಬುಡದಲ್ಲಿ ಎಂದಿನದೋ ಗಾಳಿಮರದ ಎಲೆ ಕೊಳೆತಿತ್ತು,
ಬೆರಳು ಹಾಕಿ ತೆಗೆದ, ಜೊತೆಗೆ ಒಂದು ಎರೆಹುಳ ಬಂತು.
ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.
ಮರುದಿನ ಮಳೆ. ಮರುದಿನ ನೀರು.

"ಒದ್ದೆಯಾದಲ್ಲಿ ಹುಡುಕಬೇಡ ಮಾರಾಯ,
ನೀರು ಒಂದು ಕಡೆ ಹತ್ತಿ
ಇನ್ನೊಂದು ಸ್ಟಾಪಿನಲ್ಲಿ ಇಳಿಯುತ್ತದೆ."

ಪೇಪರು ಹಾಸಿದೆವು.
ಎಡಕ್ಕೆ ಅವನ ಮಲಯಾಳ, ಬಲಕ್ಕೆ ನನ್ನ ಕನ್ನಡ,
ಯಾವುದು ಮೊದಲು ನೆನೆಯುತ್ತದೆ ನೋಡುವ ಎಂದು.
ಬೆಳಗ್ಗೆ ಎರಡೂ ಒಂದೇ ಮುದ್ದೆ,
ಚಿನ್ನದ ದರ ಹೋಗಿ
ಮರಣವಾರ್ತೆಯ ಬೆನ್ನಿಗೆ ಅಂಟಿತ್ತು.

ಪೌಡರಿನ ಉಪಾಯ ಅಕ್ಕನ ಮಗಳು ಧನ್ಯಶ್ರೀಯದ್ದು.
ಡ್ಯಾಶ್‌ಬೋರ್ಡಿಗೆ, ಕಂಬಕ್ಕೆ, ಸಂದುಗೊಂದಿಗೆ
ಊದಿ ಊದಿ ಹಚ್ಚಿ
ಬಾಗಿಲು ಮುಚ್ಚಿ ಟಾರ್ಚು ಹಿಡಿದು ಒಳಗೆ ಕೂತಳು,
ಹುಬ್ಬೂ ಬಿಳಿ.
ಹೊರಗೆ ನಾನು ಪೈಪು ಹಿಡಿದೆ,
ಕೆಳಗಿನಿಂದ ಮೇಲಕ್ಕೆ, ಅವಸರ ಮಾಡದೆ.
ಚಕ್ರದ ಗೂಡು. "ಇಲ್ಲ."
ಬಾಗಿಲಿನ ಕೀಲು. "ಇಲ್ಲ ಮಾವ."
ಗಾಜಿನ ಮೂಲೆ. "ಇಲ್ಲ. ಸೆಕೆ ಆಗ್ತದೆ."
ಮಾಡು.

ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ ಗಾಜಿಗೆ ಬೆರಳು ತಟ್ಟಿದಳು:
ಮಾಡಿನ ಬಟ್ಟೆಯ ಹಿಂದಿನಿಂದ ಒಂದು ಗೆರೆ,
ಪೌಡರಿನಲ್ಲಿ ಬಸವನಹುಳ ನಡೆದ ಹಾಗೆ,
ಕಂಬಕ್ಕೆ ಇಳಿದು ಫ್ಯೂಸಿನ ಡಬ್ಬ ಸುತ್ತಿ
ನೆಲಕ್ಕೆ.

ಹತ್ತಿ ನೋಡಿದೆ. ಯಾವುದೋ ಫುಟ್‌ಬಾಲ್ ಕ್ಲಬ್ಬಿನ ಸ್ಟಿಕ್ಕರು.
ಉಗುರಲ್ಲಿ ಕೆರೆದರೆ ಅದರಡಿ ತೂತು.
ಅತ್ತಿತ್ತ ಮೂರು ಕಡೆ ಎಂಸೀಲಿನ ಗಂಟು.

ಗಾಡಿ ನನಗೆ ಮಾರಿದ್ದು ಬೋವಿಕ್ಕಾನದ ಮೊಯ್ದುಂಞಿ,
ಮೈಕಿನ ಮೊಯ್ದುಂಞಿ.
ಹದಿನೈದು ವರ್ಷ ಈ ಮಾಡಿಗೆ ಎರಡು ಹಾರ್ನು ಕಟ್ಟಿ
ಕಬಡ್ಡಿ, ಕಣ್ಣಿನ ಶಿಬಿರ, ಓಟು, ಕಾಣೆಯಾದ ದನ,
ಕನ್ನಡದಲ್ಲಿ ಶುರು ಮಾಡಿ, ತುಳುವಿನಲ್ಲಿ ನಗಿಸಿ,
ಮಲಯಾಳದಲ್ಲಿ ಫೋನ್ ನಂಬರು ಹೇಳುತ್ತಿದ್ದವರು.

ಫೋನು ಮಾಡಿದೆ. ಗಂಟಲು ಈಗ ಗೊರಗೊರ.
"ನಾಲ್ಕು ತೂತು ಇತ್ತು. ಮೂರು ಮುಚ್ಚಿ ಕೊಟ್ಟಿದ್ದೆ."
"ಮತ್ತೆ ಇದು?"
"ಅದು ವಯರಿನದ್ದಲ್ವ. ಮುಚ್ಚಿದರೆ ವಯರು ಎಲ್ಲಿ ಹಾಕುವುದು?
ಇಲೆಕ್ಷನ್ ಇನ್ನೂ ಬರ್ತದೆ."
ಗಾಡಿ ಮಾರಿ ಆರು ವರ್ಷ!

ನಗುವುದಕ್ಕೆ ಹೊರಟವನು ನಗಲಿಲ್ಲ.
ತೂತಿಗೆ ಕಿರುಬೆರಳು ಹಾಕಿ ನಿಂತೆ. ಸರಿಯಾಗಿ ಕೂತಿತು.
ಕಾಣೆಯಾದ ಆ ದನ ನಮ್ಮದು.
ಎರಡನೇ ದಿನ ನಾರಂಪಾಡಿಯಿಂದ ಯಾರೋ ಹೊಡೆದುಕೊಂಡು ಬಂದರು,
"ಮೈಕಲ್ಲಿ ಹೇಳಿದ್ರು, ಕೊಂಬು ಒಂದು ಬದಿ ಮುರಿದದ್ದು" ಎಂದು.
ಮುರಿದ ಕೊಂಬು ಮೇಲೆ ಹೋದದ್ದು
ಇಲ್ಲಿಂದಲೇ.

ಅಂಬಾಡಿ ಒಂದು ಬೋಲ್ಟು, ಒಂದು ರಬ್ಬರ್ ವಾಶರು ತಂದ.
ಹತ್ತು ರೂಪಾಯಿ.
"ತೀರಾ ಬಿಗಿ ಮಾಡಬೇಡ" ಎಂದೆ.
ಯಾಕೆಂದು ಅವನು ಕೇಳಲಿಲ್ಲ.

ಇವತ್ತು ಪೆರ್ಲದ ಇಳಿಜಾರಿನಲ್ಲಿ ಮಳೆ
ಒಳಗೆ ಬಿಡದ್ದಕ್ಕೆ ಮಾಡಿನ ಮೇಲೆ ನಿಂತು
ಮೂರೂ ಭಾಷೆಯಲ್ಲಿ ಬೈಯುತ್ತಿತ್ತು.
ಕಾಲಡಿ ಹೊಸ ಪೇಪರು ಸರಸರ.
ಹಿಮ್ಮಡಿ ಮಾತ್ರ, ತಿರುವು ಬಂದಾಗಲೆಲ್ಲ,
ಸ್ವಲ್ಪ ಎತ್ತಿಕೊಳ್ಳುತ್ತದೆ.